ಮಾವನ ಪಾತಿಯ ಪಾಲಕ್

ಮೂರನೆಯ ಎಲೆಯನ್ನು ಕಿತ್ತು ಕೋಟಿನ ಜೇಬಿಗೆ ತುರುಕುವಷ್ಟರಲ್ಲಿ ಸೊಸೆಯ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

"ಕದಿಯೋದಾದ್ರೆ ಹುಳ ತಿಂದದ್ದು ಯಾಕಮ್ಮ ಕದೀತೀಯ?" ಮಾವ ನೀರಿನ ಕ್ಯಾನು ಹಿಡಿದು ನಿಂತಿದ್ದರು.

"ನಮ್ಮ ಲ್ಯಾಬಿಗೆ ಮಾವ. ಪಾಪುಗೆ ಕೊಡೋ ಮೊದಲು ಒಂದ್ಸಲ ನೋಡ್ಬಿಡೋಣ ಅಂತ."

ಭಾನುವಾರ ಮೊಮ್ಮಗಳಿಗೆ ಮೊದಲ ಸಲ ಸೊಪ್ಪು ತಿನ್ನಿಸುವುದಿತ್ತು. ಅದು ತಮ್ಮ ಪಾತಿಯದ್ದೇ ಆಗಬೇಕೆಂದು ಮಾವ ಹಟ ಹಿಡಿದಿದ್ದರು. ಪಾತಿ ಇದ್ದದ್ದು ಅವರು ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಕೊಡುತ್ತಿದ್ದ ಹಳೆಯ ಷೆಡ್ಡಿನ ಹಿತ್ತಲಲ್ಲಿ. ತೊಟ್ಟಿ ತೊಳೆದ ನೀರನ್ನೆಲ್ಲ ವರ್ಷಗಟ್ಟಲೆ ಅಲ್ಲೇ ಚೆಲ್ಲಿದ್ದರು. ಪಾಲಕ್ ಮಾತ್ರ ಆನೆಕಿವಿಯ ಹಾಗೆ ಬೆಳೆದಿತ್ತು.

"ಹೆಂಗೆ ನಳನಳಿಸ್ತಿದೆ ನೋಡು. ವಿಷ ಇದ್ದಿದ್ರೆ ಗಿಡ ಸಾಯ್ತಿರಲಿಲ್ವಾ? ಬೇಕಾದ್ರೆ ನಾಲ್ಕು ನೀರಲ್ಲಿ ತೊಳೆಯೋಣ."

"ಮೇಲೆ ಅಂಟಿದ್ರೆ ತೊಳೀಬಹುದು. ಇದು ಎಲೆ ಒಳಗೇ ಸೇರ್ಕೊಂಡಿರುತ್ತೆ. ಗಿಡಕ್ಕೆ ಬೇಕಾದ ಸತುವು ಯಾವುದು, ವಿಷದ ಕ್ಯಾಡ್ಮಿಯಂ ಯಾವುದು ಅಂತ ಬೇರಿಗೆ ಗೊತ್ತಾಗಲ್ಲ ಮಾವ, ಎರಡನ್ನೂ ಹೀರಿಬಿಡುತ್ತೆ."

"ನಿಮ್ಮತ್ತೆನೂ ಹಂಗೇ, ಏನೂ ಗೊತ್ತಾಗದೆ ನನ್ನ ಕಟ್ಕೊಂಡ್ಳು. ಈಗ ಏನಾಗಿದೆ ಅವಳಿಗೆ?" ಎಂದವರು, ಇದ್ದಕ್ಕಿದ್ದಂತೆ ಬೆಣ್ಣೆಯಾದರು. "ಇರ್ಲಿ, ನಾಳೆ ನಾನೇ ಒಳ್ಳೇ ಕಟ್ಟು ಕಿತ್ತುಕೊಡ್ತೀನಿ."

ಬೆಳಗಾಗುತ್ತಲೇ ಮಾವ ಮೂಲೆ ಅಂಗಡಿಗೆ ಹೋದರು. ಒಂದು ಕಟ್ಟು ಪಾಲಕ್ ತಂದು, 'ನಮ್ಮದರಷ್ಟಿಲ್ಲ, ಪರವಾಗಿಲ್ಲ' ಎಂದು ಗೊಣಗುತ್ತ, ಬೇರಿಗೆ ಹಿತ್ತಲ ಮಣ್ಣು ಮೆತ್ತಿ ಸೊಸೆಯ ಕೈಗಿಟ್ಟರು.

ಭಾನುವಾರ ಸೊಸೆ ಅಡುಗೆಮನೆಗೆ ಬಂದಳು. "ಬೇಡ ಮಾವ. ಚೆನ್ನಾಗಿ ತೊಳೆದೇ ನೋಡಿದ್ದು. ಕ್ಯಾಡ್ಮಿಯಂ ಮಿತಿಗಿಂತ ತುಂಬಾ ಜಾಸ್ತಿ ಇದೆ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನಂದಲ್ಲಮ್ಮ, ಅಂಗಡೀದು! ಬದಲಾಯಿಸಿಬಿಟ್ಟೆ! ಈಗ ಹೇಳು, ವಿಷ ಯಾರ ಸೊಪ್ಪಲ್ಲಿದೆ?"

ಒಲೆಯ ಮುಂದೆ ಪಾತಿಯ ಪಾಲಕ್ ಮಸೆಯುತ್ತಿದ್ದ ಅತ್ತೆ ತಿರುಗಿದರು. "ಯಾವ ಅಂಗಡಿ?"

"ಮೂಲೇದು."

"ಅಯ್ಯೋ, ಅಲ್ಲಿಗೆ ಪಾಲಕ್ ಕೊಡೋಳು ನಾನೇ ಕಣ್ರೀ! ಎರಡು ಹೊತ್ತೂ ಅದನ್ನೇ ತಿನ್ನೋಕಾಗುತ್ತಾ? ಮಧ್ಯಾಹ್ನ ನೀವು ಗೊರಕೆ ಹೊಡೀತಿರುವಾಗ ಮಿಕ್ಕಿದ್ದನ್ನ ಸಾಗಿಸ್ತೀನಿ."

ಮಾವ ನಗು ನಿಲ್ಲಿಸಿ ಮಣೆಯ ಮೇಲೆ ಕುಕ್ಕರಿಸಿದರು. ಸೊಸೆ ಅಂಗಡಿಗೆ ಫೋನ್ ಮಾಡಿ, ಆ ಸೊಪ್ಪನ್ನು ಯಾರಿಗೂ ಕೊಡಬೇಡಿ ಎಂದಳು. ಅಷ್ಟು ಹೊತ್ತಿಗೆ ಮಾವ ಚೇತರಿಸಿಕೊಂಡಿದ್ದರು.

"ಒಂದೇ ಒಂದು ಚಮಚ ಕಣಮ್ಮ. ಅಷ್ಟಕ್ಕೆ ಮಗುಗೆ ಏನಾಗುತ್ತೆ?"

ಸೊಸೆ ಬಟ್ಟಲ ತುಂಬ ಬಡಿಸಿ ಅವರ ಮುಂದಿಟ್ಟಳು. "ಏನೂ ಆಗಲ್ಲ ಅಂದ್ರೆ ಮೊದಲು ನೀವೇ ತಿನ್ನಿ ಮಾವ."

ಮಾವ ಬಟ್ಟಲನ್ನು ನೋಡಿದರು. ಬಾಯಿ ತೆರೆದು ಕಾಯುತ್ತಿದ್ದ ಮೊಮ್ಮಗಳನ್ನು ನೋಡಿದರು. ಬಟ್ಟಲನ್ನು ದೂರ ತಳ್ಳಿದರು.

"ನಾನು ತಿನ್ನಲ್ಲ."