ಒರೆಸಿದ ನೆಲದ ಚಿತ್ರಗಳು

ಉಬ್ಬರದ ಅಧ್ಯಯನಕ್ಕೆಂದು ಬಂದ ಡಾಕ್ಟರ್ ಜೀವನ್ ತರಕನ್ ದೋಣಿಯಿಂದಿಳಿದು ನಮ್ಮ ವಾಚನಾಲಯದಲ್ಲಿ ಮಾಡಿದ ಮೊದಲ ಭಾಷಣದಲ್ಲೇ ನಾವೆಲ್ಲ ವಿಜ್ಞಾನಿಗಳಾಗಿಬಿಟ್ಟೆವು. ಸಿಗಡಿ ಸುಲಿಯುವ, ಊರಿಗೆಲ್ಲ ಅಕ್ಕನಾದ ಫಿಲೋಮಿನಾ ಚೇಚಿ ವಿಜ್ಞಾನಿ, ನಾನು ವಿಜ್ಞಾನಿ, ಕಿವಿ ಕೇಳಿಸದ ನನ್ನ ಅತ್ತೆಯೂ ವಿಜ್ಞಾನಿ. ನವೆಂಬರ್ ನಡುವಿಗೆ ಶುರುವಾಗುವ ವೃಶ್ಚಿಕ ಮಾಸದ ಉಬ್ಬರದಲ್ಲಿ ಹಿನ್ನೀರು ಮನೆಯೊಳಗೆ ನುಗ್ಗಿದಾಗ ಮೊಬೈಲಿನಲ್ಲಿ ಚಿತ್ರ ತೆಗೆದು ಅವರ ಆ್ಯಪ್‌ಗೆ ಕಳಿಸಬೇಕು, ಅಷ್ಟೆ. ಹೆಚ್ಚು ನೀರು ನುಗ್ಗುವ ದಡಕ್ಕೆ ಈ ವರ್ಷ ತಡೆಗೋಡೆ. ನಮ್ಮದಕ್ಕೋ ಎದುರಿನದಕ್ಕೋ, ಒಂದಕ್ಕೇ.

ನನಗೆ ಆ ಗೋಡೆ ಬೇಕೇ ಬೇಕಿತ್ತು. ಅತ್ತೆ ಮಲಗುವ ಕೋಣೆಯ ಗೋಡೆ ಉಪ್ಪು ತಿಂದು, ಮುಟ್ಟಿದರೆ ರವೆಯಂತೆ ಉದುರುತ್ತಿತ್ತು. ನಾನು ಉಬ್ಬರದ ಸದ್ದು ಕೇಳುತ್ತಲೇ ನಿದ್ದೆ ಮಾಡುವುದನ್ನು ಕಲಿತಿದ್ದೆ, ಅಂದರೆ ನಿದ್ದೆ ಮಾಡದಿರುವುದನ್ನು.

ಮೊದಲಿಗೆ ಯಾರೂ ಏನೂ ಕಳಿಸಲಿಲ್ಲ. ಜನರಿಗೆ ಪ್ರೇರಣೆ ಸಾಲದು ಎಂದು ಡಾಕ್ಟರು ಕಂಡುಹಿಡಿದರು. ಒಳ್ಳೆಯ ಚಿತ್ರಗಳಿಗೆ ಚೌಕಟ್ಟು ಹಾಕಿಸಿ, ಕಳಿಸಿದವರ ಹೆಸರಿನ ಸಮೇತ ವಾಚನಾಲಯದ ಗೋಡೆಯಲ್ಲಿ ತೂಗುಹಾಕುತ್ತೇವೆ ಎಂದು ಸಾರಿದರು. ಪ್ರೇರಣೆ ಉಕ್ಕಿ ಹರಿಯಿತು.

ಫಿಲೋಮಿನಾ ಚೇಚಿ ತಾವು ಕಳಿಸಿದ ಚಿತ್ರವನ್ನು ನನಗೆ ಹೆಮ್ಮೆಯಿಂದ ತೋರಿಸಿದರು. ಕನ್ನಡಿಯಂಥ ನೆಲ, ಹೊಸ ಹೊದಿಕೆಯ ಮಂಚ, ಪಕ್ಕದಲ್ಲಿ ಜರಿಯಂಚಿನ ಕಸವು ಸೀರೆಯುಟ್ಟ ಚೇಚಿ.

"ಚೇಚಿ, ನೀರೆಲ್ಲಿ?"

"ಗುಡಿಸಿ ಆಚೆ ಹಾಕ್ದೆ. ಫೋಟೋ ತೆಗೀಬೇಕಲ್ಲ!"

"ಅವರು ಕೇಳಿದ್ದೇ ನೀರಿನ ಫೋಟೋ!"

"ಲೇ ಸೆಲಿನ್, ನನ್ನ ಮನೆ ಕೆಸರು ಊರ ಗೋಡೆ ಮೇಲೆ ನೇತಾಡ್ಬೇಕಾ? ನೀರು ನುಗ್ಗೋ ಮನೆ ಹುಡುಗಿ ಬೇಡ ಅಂತ ನನ್ನ ಮಗಳು ರೀನಾನ ನೋಡೋಕೆ ಬಂದ ಗಂಡಿನ ಕಡೆಯೋರು ಒಬ್ರು ಬಿಟ್ಟು ಹೋಗಿದ್ದಾರೆ. ಇನ್ನೊಬ್ರು ಬರೋದ್ರಲ್ಲಿದ್ದಾರೆ. ಕಾಲೇಜು ಓದಿದೋಳು, ಅಷ್ಟೂ ತಿಳಿಯಲ್ವಾ ನಿಂಗೆ?"

ನಮ್ಮ ದಡದಲ್ಲಿ ಪ್ರತಿ ಮನೆಯಲ್ಲೂ ಇದೇ ಕಥೆ. ನಾನೊಬ್ಬಳು ನೀರನ್ನು ನೀರಿನಂತೆಯೇ ತೆಗೆದೆ. ಮಂಚದ ಮೇಲಿಂದ ಅತ್ತೆ ಕೂಗಿದರು: "ಮಾನಗೆಟ್ಟೋಳೇ, ಒರೆಸಾದ್ರೂ ತೆಗೀಬಾರ್ದಾ!"

ಎದುರು ದಡದಲ್ಲಿ ಚಿತ್ರ ತೆಗೆದವರು ಗಂಡಸರು. ಅವರು ಜನ್ಮದಲ್ಲಿ ನೆಲ ಒರೆಸಿದವರಲ್ಲ. ತೇಲುವ ಚಪ್ಪಲಿ, ಮುಳುಗಿದ ಒಲೆ, ಎಲ್ಲವೂ ಇದ್ದದ್ದು ಇದ್ದಂತೆ ಬಂತು.

ಆ ಚಿತ್ರಗಳಿಂದ ಮಾಡಿದ ನಕ್ಷೆ ವಾಚನಾಲಯದಲ್ಲಿ ಬಿಡುಗಡೆಯಾದ ದಿನ, ಅದರಲ್ಲಿ ನಮ್ಮ ದಡ ಹಸಿರಾಗಿತ್ತು, ಎದುರಿನದು ಕೆಂಪು.

"ಅಭಿನಂದನೆ! ನಿಮ್ಮಲ್ಲಿ ಸಮಸ್ಯೆಯೇ ಇಲ್ಲ," ಎಂದರು ಡಾಕ್ಟರು. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಉಬ್ಬರದ ನೀರು ಹೊಸ್ತಿಲು ದಾಟಿ ಒಳಗೆ ಬಂತು. ಡಾಕ್ಟರು ಮಾತು ನಿಲ್ಲಿಸದೆ ಶೂ ಸಮೇತ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟುಕೊಂಡರು.

ನಾನು ಎದ್ದು ನಿಂತೆ. "ಸರ್, ನಾನು ಕಳಿಸಿದ್ದು ಏನಾಯ್ತು? ಅದ್ರಲ್ಲಿ ನೀರಿತ್ತು."

ಅವರು ಮೊಬೈಲು ನೋಡಿದರು. "ಅಕ್ಕಪಕ್ಕದ ಚಿತ್ರಗಳಿಗೆ ಹೊಂದಿಲ್ಲಮ್ಮ. ತಪ್ಪು ಮಾಹಿತಿ ಅಂತ ಆ್ಯಪೇ ಕೈಬಿಟ್ಟಿದೆ."

"ಈಗ ನಿಮ್ಮ ಕಾಲ ಕೆಳಗಿರೋದು?"

"ಒಂದು ಕಡೆ ನೋಡಿ ವಿಜ್ಞಾನ ತೀರ್ಮಾನ ಮಾಡಲ್ಲ," ಎಂದರು.

"ಸಾಕು ಕೂತ್ಕೊಳೇ," ಎಂದು ಫಿಲೋಮಿನಾ ಚೇಚಿ ನನ್ನ ಸೆರಗು ಎಳೆದರು. "ಬಂದೋರ ಮುಂದೆ ಊರ ಮಾನ ಕಳೀಬೇಡ." ಆಗಲೇ ಇಬ್ಬರು ಹೆಂಗಸರು ಪೊರಕೆ ಹಿಡಿದು ನೀರನ್ನು ಆಚೆ ತಳ್ಳುತ್ತಿದ್ದರು.

ಎದುರು ದಡದಲ್ಲಿ ಗೋಡೆ ಎದ್ದಿತು. ಅದಕ್ಕೆ ಬಡಿದ ನೀರು ಬೇರೆಲ್ಲಿಗೆ ಹೋಗಬೇಕು? ಮುಂದಿನ ವೃಶ್ಚಿಕದಲ್ಲಿ ಅತ್ತೆಯ ಕೋಣೆಯ ಗೋಡೆ ಕುಸಿಯಿತು. ಪುಣ್ಯಕ್ಕೆ ಅವರು ಅಡುಗೆಮನೆಯಲ್ಲಿದ್ದರು. ಸದ್ದು ಕೇಳಿ ಮೊದಲು ಓಡಿಬಂದವರು ಫಿಲೋಮಿನಾ ಚೇಚಿ, ಕೈಯಲ್ಲಿ ಬುಟ್ಟಿ, ಕಣ್ಣಲ್ಲಿ ನೀರು.

"ಅಳ್ಬೇಡ ಮೋಳೆ, ನೀನೂ ನನ್ನ ಮಗಳೇ ಅಲ್ವಾ. ಯಾರಾದ್ರೂ ನೋಡೋ ಮುಂಚೆ ಎಲ್ಲಾ ಚೊಕ್ಕ ಮಾಡ್ಬಿಡೋಣ."

"ಬೇಡ ಚೇಚಿ, ಹಾಗೇ ಇರ್ಲಿ," ಎಂದೆ. ಅವರು ಆಗಲೇ ಮಣ್ಣು ತುಂಬತೊಡಗಿದ್ದರು.