ಎದ್ದ ಮೂಲೆ

ನಮ್ಮ ಬೀದಿಯಲ್ಲಿ ಎದುರಾದವರು ಮೊದಲು ವಿಚಾರಿಸುವುದು ಮಕ್ಕಳ ಕ್ಷೇಮವನ್ನಲ್ಲ, ಗೋಡೆಯದನ್ನು. ಅಡಿಲೇಡಿನ ಈ ಭಾಗದ ಮಣ್ಣು ಅಂಥದ್ದು. ಚಳಿಗಾಲದ ಮಳೆ ಕುಡಿದು ನಾದಿದ ಹಿಟ್ಟಿನ ಹಾಗೆ ಉಬ್ಬುತ್ತದೆ; ನಡುಬೇಸಿಗೆಯ ಜನವರಿ ಬಿಸಿಲಿಗೆ ಒಣಗಿ ಮಣಿಕಟ್ಟಿನವರೆಗೆ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮೇಲೆ ಕೂತ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ. ಇಡೀ ಮನೆ ಒಂದೇ ಸಮ ಏರಿಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮೂಲೆ ಮಾತ್ರ ತನ್ನ ದಾರಿ ಹಿಡಿಯಿತೋ, ಗೋಡೆ ಸೀಳುತ್ತದೆ.

ಇಂಥ ಮಣ್ಣಿನ ಮೇಲೆ ಮನೆ ಕಾಪಾಡುವ ವಿದ್ಯೆಯಲ್ಲಿ ನಮ್ಮ ಪಕ್ಕದ ಮನೆಯ ನೋಲಾ ಟ್ರೆಗೆನ್ಜಾಳನ್ನು ಮೀರಿಸಿದವರಿರಲಿಲ್ಲ. ಇಪ್ಪತ್ತೇಳು ವರ್ಷ ಸಿಟಿ ಬಸ್ಸು ಓಡಿಸಿದವಳು, ಒಬ್ಬಳೇ ಇದ್ದವಳು. ಬಸ್ಸನ್ನು ಹೇಗೆ ನೋಡಿಕೊಂಡಿದ್ದಳೋ ಮನೆಯನ್ನೂ ಹಾಗೇ ನೋಡಿಕೊಂಡಳು. ಮಳೆ ಹಿಡಿಯುವ ಮುಂಚೆ, ಈಸ್ಟರಿಗೆ ಮೊದಲು, ಏಣಿ ಹಾಕಿ ಸೂರಿನ ದೋಣಿಯ ಎಲೆಯನ್ನೆಲ್ಲ ಬಾಚುವಳು. ಗೋಡೆಯ ಬುಡದಿಂದ ನೀರು ಹೊರಗೆ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಟ್ಟಿದ್ದಳು. ಬೇಸಿಗೆಯಲ್ಲಿ ವಾರಕ್ಕೆರಡು ಸಂಜೆ ತೂತಿನ ಪೈಪನ್ನು ಮನೆಯ ಸುತ್ತ ಹಾಸಿ, ನಾಲ್ಕೂ ಕಡೆಯ ಮಣ್ಣಿಗೆ ಸಮನಾಗಿ ಹನಿಸುವಳು. ಬೀದಿಯಲ್ಲಿ ಯಾರ ಬಾಗಿಲು ಬಿಗಿಯಾದರೂ ಕರೆಯುತ್ತಿದ್ದುದು ಅವಳನ್ನೇ.

ನನ್ನ ಗಂಡ ಕಾರ್ಮಿನೆ ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಇಬ್ಬರೂ ತಮಗೆ ಎಲ್ಲ ಗೊತ್ತು ಎನ್ನುವವರೇ. ಆದರೂ ಮೂವತ್ತೆಂಟು ವರ್ಷ ಬೇಲಿಯ ಎರಡು ಕಡೆ ನಿಂತು ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ಚೆನ್ನಾಗಿಯೇ ಇದ್ದರು.

ಹೋದ ವರ್ಷದ ಹಿಂದಿನ ಜನವರಿಯಲ್ಲಿ ನೋಲಾಳ ಬಚ್ಚಲುಮನೆಯ ಮೂಲೆಯಲ್ಲಿ ಬಿರುಕು ಕಾಣಿಸಿತು. ಮೊದಲು ಕೂದಲೆಳೆಯಷ್ಟು. ಅವಳು ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಳು. ಮೂರು ವಾರದಲ್ಲಿ ಅದು ಗೆರೆ ದಾಟಿ ಕಿಟಕಿ ಮುಟ್ಟಿತು, ನಾಣ್ಯ ತೂರುವಷ್ಟು ಅಗಲವಾಯಿತು, ಬಚ್ಚಲ ಬಾಗಿಲು ಚೌಕಟ್ಟಿಗೆ ಕೂರದಾಯಿತು. ಅವಳು ಬೇಲಿಯ ಹತ್ತಿರ ಬಂದು ನಮ್ಮ ಅಂಜೂರದ ಮರಕ್ಕೆ ಬೆರಳು ತೋರಿಸಿದಳು. ಬೇರು ತನ್ನ ಮನೆಯ ಕೆಳಗೆ ನುಗ್ಗಿ ಮಣ್ಣಿನ ನೀರನ್ನೆಲ್ಲ ಹೀರುತ್ತಿದೆ, ಮೂಲೆ ಕುಸಿಯುತ್ತಿದೆ, ಮರ ಕಡಿಯಬೇಕು ಎಂದಳು.

ಆ ಮರವನ್ನು ನಾವೇನೂ ಇಟಲಿಯ ನಮ್ಮ ಊರಿನಿಂದ ತಂದದ್ದಲ್ಲ. ಕಾರ್ಮಿನೆ ನರ್ಸರಿಯಲ್ಲಿ ಕೊಂಡು ನೆರಳಿಗೆಂದು ನೆಟ್ಟಿದ್ದ. ಅದರ ಕೆಳಗೆ ದಿನಕ್ಕೆ ಮೂರು ಸಲ ಕೂತು ಕಾಫಿ ಕುಡಿಯುತ್ತಿದ್ದ, ಅಷ್ಟೆ. ಕಡಿಯುವುದಿಲ್ಲ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು.

"ಬಸ್ಸು ಓಡಿಸ್ದೋಳು ಗಾರೆಯೋನಿಗೆ ಗೋಡೆ ಪಾಠ ಹೇಳ್ತೀಯಾ?" ಎಂದು ಕೇಳಿದ.

"ಗಾರೆಯೋನ ಬುದ್ಧಿ ಕಾಫಿ ಲೋಟದಲ್ಲೇ ಮುಳುಗಿ ಹೋದ್ರೆ ಇನ್ನೇನು ಮಾಡ್ಲಿ?" ಎಂದು ಹೇಳಿ ಅವಳು ಒಳಗೆ ಹೋದಳು.

ಅವತ್ತಿನಿಂದ ಮಾತು ನಿಂತಿತು. ಫೆಬ್ರವರಿಯಲ್ಲಿ ನಾವು ಟೊಮೆಟೊ ಸಾಸ್ ಮಾಡುವ ದಿನ ಬಂತು. ಪ್ರತಿ ವರ್ಷ ಅರೆಯುವ ಯಂತ್ರದ ಹಿಡಿ ತಿರುಗಿಸುತ್ತಿದ್ದವಳು ನೋಲಾ. ಆ ಸಲ ಬರಲಿಲ್ಲ. ಕಾರ್ಮಿನೆ ತಾನೇ ತಿರುಗಿಸಿದ, ಅರ್ಧ ದಿನಕ್ಕೆ ಸೊಂಟ ಹಿಡಿದುಕೊಂಡ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮರುದಿನ ಆರು ಬಾಟಲಿ ಸಾಸ್ ಬುಟ್ಟಿಯಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ.

ನೋಲಾ ಬಚ್ಚಲಿನಲ್ಲಿ ಮಂಡಿಯೂರಿ ಬಿರುಕು ಅಳೆಯುತ್ತಿದ್ದಳು. ಆ ಮೂಲೆಯ ಹೊರಗೆ, ಕಿಟಕಿಗೆ ಮರೆಯಾಗಲೆಂದು ನಾಲ್ಕು ವರ್ಷದ ಹಿಂದೆ ನೆಟ್ಟಿದ್ದ ಬಾಟಲ್‌ಬ್ರಷ್ ಗಿಡ ಕೆಂಪಗೆ ಹೂ ತುಂಬಿ ನಿಂತಿತ್ತು. ಗೋಡೆಯ ಹತ್ತಿರ ಗಿಡ ನೆಡಬಾರದೆಂದು ಊರಿಗೆಲ್ಲ ಹೇಳುತ್ತಿದ್ದವಳು ಅದೊಂದಕ್ಕೆ ಮಾತ್ರ ವಿನಾಯಿತಿ ಕೊಟ್ಟುಕೊಂಡಿದ್ದಳು. ಚೋಟುದ್ದದ ಗಿಡ, ಏನು ಮಹಾ ಎಂದು.

ನಾನು ಗೋಡೆಯನ್ನೇ ನೋಡುತ್ತ ನಿಂತೆ. ಗಾರೆಯವನ ಹೆಂಡತಿ ನಾನು. ನಲವತ್ತು ವರ್ಷ ಊಟದ ಮೇಜಿನ ಮೇಲೆ ಸಾರಿನ ಜೊತೆ ಗೋಡೆಯ ಕಥೆಯನ್ನೂ ನುಂಗಿದ್ದೇನೆ. ಮೂಲೆ ಕುಸಿದರೆ ಬಿರುಕು ಮೇಲ್ಗಡೆ ಅಗಲ, ಕೆಳಗೆ ಸಣ್ಣ ಎಂದು ಕಾರ್ಮಿನೆ ಎಷ್ಟು ಸಲ ಹೇಳಿಲ್ಲ! ಇಲ್ಲಿ ತಿರುಗುಮುರುಗಾಗಿತ್ತು. ಬುಡದಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಕಿಟಕಿಯ ಹತ್ತಿರ ಉಗುರೂ ತೂರುತ್ತಿರಲಿಲ್ಲ. ನೋಲಾಳಿಗೆ ಏನೂ ಹೇಳಲಿಲ್ಲ. ಮನೆಗೆ ಬಂದು ಕಾರ್ಮಿನೆಗೆ ಹೇಳಿದೆ. ಅವನು ಕೇಳಿಸಿಯೇ ಇಲ್ಲವೆಂಬಂತೆ ಪೇಪರು ಮಗುಚಿದ. ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಷೆಡ್ಡಿನಿಂದ ಏರುತಗ್ಗು ನೋಡುವ ತನ್ನ ಹಳೆಯ ರಸಮಟ್ಟ ತೆಗೆದುಕೊಂಡು ಹೊರಟ. ನಾನೂ ಹಿಂದೆ ಹೋದೆ.

ನೋಲಾ ಬಾಗಿಲು ತೆರೆದು ದಾರಿ ಬಿಟ್ಟಳು. ಅವನು ಬಚ್ಚಲ ಕಿಟಕಿಯ ಹಲಗೆಯ ಮೇಲೆ ರಸಮಟ್ಟ ಇಟ್ಟ. ಒಳಗಿನ ಗುಳ್ಳೆ ಸರಸರನೆ ಮೂಲೆಯ ಕಡೆಗೆ ಓಡಿ ನಿಂತಿತು. ನೆಲದ ಮೇಲೆ ಇಟ್ಟ, ಅಲ್ಲೂ ಅದೇ. ಗುಳ್ಳೆ ಓಡುವುದು ಯಾವಾಗಲೂ ಎತ್ತರದ ಕಡೆಗೆ.

"ಮೂಲೆ ಕುಸಿದಿಲ್ಲ ನೋಲಾ, ಮೇಲೆದ್ದಿದೆ," ಎಂದ. "ಮರ ನೀರು ಹೀರಿದ್ರೆ ಮನೆ ಇಳೀಬೇಕಿತ್ತು. ಈ ಮಣ್ಣಿಗೆ ಯಾರೋ ಕೂತು ನೀರು ಕುಡಿಸ್ತಾ ಇದಾರೆ."

ನೋಲಾ ಬಗ್ಗಿ ಗುಳ್ಳೆಯನ್ನು ನೋಡಿದಳು. ರಸಮಟ್ಟವನ್ನು ತಿರುಗಿಸಿಟ್ಟು ಮತ್ತೆ ನೋಡಿದಳು.

"ಹೊರಗಿರೋ ಆ ಗಿಡಕ್ಕೆ ಎಷ್ಟು ದಿನಕ್ಕೊಂದ್ಸಲ ನೀರು ಹಾಕ್ತೀಯ?" ಎಂದು ಅವನು ಕೇಳಿದ.

"ನೆಟ್ಟ ವರ್ಷ ಹಾಕಿದ್ದು. ಆಮೇಲೆ ಕೈಯಾರೆ ಒಂದು ಹನಿ ಹಾಕಿಲ್ಲ. ಬೇಸಿಗೇಲೂ ಎಷ್ಟು ಸೊಂಪಾಗಿ..." ಎಂದು ಹೆಮ್ಮೆಯಿಂದ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಬೀದಿಯ ಹುಲ್ಲೆಲ್ಲ ಒಣಗಿ ಕಡ್ಡಿಯಾಗಿದ್ದ ಕಾಲದಲ್ಲಿ ಆ ಗಿಡ ಮಾತ್ರ ನಳನಳಿಸುತ್ತಿತ್ತು. ವಾರಕ್ಕೆರಡು ಸಂಜೆಯ ಹನಿಯಿಂದ ಬರುವ ಸೊಂಪಲ್ಲ ಅದು. ಬಸ್ಸಿನ ಇಂಜಿನ್ನಿನಲ್ಲಿ ಸಣ್ಣ ಸದ್ದು ಬದಲಾದರೂ ಹಿಡಿಯುತ್ತಿದ್ದವಳು ದಿನಾ ಕಣ್ಣೆದುರಿಗಿದ್ದದ್ದನ್ನು ನೋಡಿರಲಿಲ್ಲ.

ಪ್ಲಂಬರ್ ಟೀಗನ್ ಮಾರನೆಯ ದಿನ ಬಂದಳು. ಕೊಳವೆಯೊಳಗೆ ಕ್ಯಾಮೆರಾ ಇಳಿಸಿದಳು. ಬಚ್ಚಲ ನೀರು ಹೋಗುವ ಹಳೆಯ ಸುಟ್ಟಮಣ್ಣಿನ ಕೊಳವೆ, ಸರಿಯಾಗಿ ಆ ಮೂಲೆಯ ಹತ್ತಿರ, ಕೀಲಿನಲ್ಲಿ ಒಡೆದಿತ್ತು. ಒಡಕಿನೊಳಗೆ ಬೇರು ಗಡ್ಡದ ಹಾಗೆ ಇಳಿಬಿದ್ದಿತ್ತು. ನೋಲಾ ಮಿಂದ ನೀರೆಲ್ಲ ಎಷ್ಟೋ ತಿಂಗಳಿಂದ ತಳಪಾಯದ ಕೆಳಗೇ ಇಂಗುತ್ತಿತ್ತು.

"ಯಾವುದರ ಬೇರು?" ಎಂದು ನೋಲಾ ಕೇಳಿದಳು. ಕಾರ್ಮಿನೆ ಅಲ್ಲೇ ನಿಂತಿದ್ದ. ಅವನಿಗೆ ಕೇಳಿಸಲೆಂದೇ ಗಟ್ಟಿಯಾಗಿ ಕೇಳಿದಳೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಟೀಗನ್ ಮಣ್ಣು ಅಗೆದು ಬೇರನ್ನು ಹಿಡಿದುಕೊಂಡೇ ಹೋದಳು. ಮೂರು ಮೊಳ ಹೋಗುವಷ್ಟರಲ್ಲಿ ಬಾಟಲ್‌ಬ್ರಷ್ಷಿನ ಬುಡ ಸಿಕ್ಕಿತು. "ನಿಮ್ಮದೇ ಗಿಡ, ನೋಲಾ. ಅಂಜೂರದ್ದು ಒಂದು ಎಳೆಯೂ ಇಲ್ಲ," ಎಂದಳು.

ಕಾರ್ಮಿನೆ ಏನಾದರೂ ಅಂದುಬಿಡುತ್ತಾನೆಂದು ನಾನು ಅವನ ತೋಳು ಹಿಡಿದಿದ್ದೆ. ಅವನು ಸುಮ್ಮನಿದ್ದ. ಅದು ಅವನಿಗೆ ಎಷ್ಟು ಕಷ್ಟದ್ದೆಂದು ನನಗೊಬ್ಬಳಿಗೇ ಗೊತ್ತು.

ನೋಲಾ ಅವನ ಮುಂದೆ ಬಂದು ನಿಂತಳು. "ನಂದೇ ತಪ್ಪು ಕಾರ್ಮಿನೆ. ಗಿಡಾನೂ ನಂದು, ಬಾಯೀನೂ ನಂದು," ಎಂದಳು.

"ಬಾಯಿ ನಂದೂ ಇತ್ತು ಬಿಡು," ಎಂದ ಅವನು.

ಗಿಡವನ್ನು ಅವಳೇ ಕಿತ್ತಳು, ಯಾರನ್ನೂ ಮುಟ್ಟಗೊಡಲಿಲ್ಲ. ಎರಡನೆಯ ದಿನ ಬುಡ ಅಲುಗದಿದ್ದಾಗ ಮಾತ್ರ ಕಾರ್ಮಿನೆಯ ಸಲಾಕೆ ಕೇಳಿ ಪಡೆದಳು. ಟೀಗನ್ ಹೊಸ ಪ್ಲಾಸ್ಟಿಕ್ ಕೊಳವೆ ಕೂರಿಸಿ ಮಣ್ಣು ಮುಚ್ಚಿ ಹೋದಳು. ಕೊಳವೆ ಸರಿಯಾದ ಕೂಡಲೇ ಬಿರುಕಿಗೆ ಗಾರೆ ತುಂಬಲು ಕಾರ್ಮಿನೆಯ ಕೈ ತುರಿಸತೊಡಗಿತು. ನೋಲಾ ಬಿಡಲಿಲ್ಲ. ಉಬ್ಬಿದ ಮಣ್ಣು ಒಣಗಿ ಇಳಿಯಬೇಕು, ಒಂದು ಪೂರಾ ಚಳಿಗಾಲ, ಒಂದು ಪೂರಾ ಬೇಸಿಗೆ ಕಳೆಯಬೇಕು, ಈಗ ತುಂಬಿದರೆ ಬಿರುಕು ಕೂಡಿಕೊಳ್ಳಲು ಜಾಗವಿಲ್ಲದೆ ಗೋಡೆ ಬೇರೆ ಕಡೆ ಸೀಳುತ್ತದೆ ಎಂದಳು. ಅವನು ವಾರಗಟ್ಟಲೆ ಗೊಣಗಿದ. ಆದರೆ ಅವಳು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಗೊಣಗುತ್ತಿರಲಿಲ್ಲ, ಜಗಳವಾಡುತ್ತಿದ್ದ.

ಮೂಲೆ ಮೆಲ್ಲಗೆ ಇಳಿಯಿತು. ಮರುವರ್ಷದ ಮಾರ್ಚಿನ ಹೊತ್ತಿಗೆ ಬಿರುಕು ಮತ್ತೆ ಕೂದಲೆಳೆಗೆ ಬಂದಿತ್ತು, ಬಚ್ಚಲ ಬಾಗಿಲು ಬೆರಳು ತಾಗಿಸಿದರೆ ಮುಚ್ಚುತ್ತಿತ್ತು. ಏಪ್ರಿಲಿನಲ್ಲಿ ನೋಲಾ ಗಾರೆ ಕಲಸಿದಳು, ಕಾರ್ಮಿನೆ ಮೆತ್ತಿದ. ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರು ಹೆಚ್ಚಾಯಿತು, ಕಡಿಮೆಯಾಯಿತು ಎಂದು ವಾದಿಸಿದರು.

ಮೊನ್ನೆ ಬೀದಿಯ ಕೊನೆಯ ಮನೆಗೆ ಹೊಸದಾಗಿ ಬಂದ ಗಂಡ ಹೆಂಡತಿ ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡು ನಿಂಬೆಗಿಡಕ್ಕೆ ಗುಂಡಿ ತೋಡುತ್ತಿದ್ದರು. ನೋಲಾ ಯಾರೂ ಕರೆಯದೆ ಅಲ್ಲಿಗೆ ಹೋದಳು. ಮೊದಲಾಗಿದ್ದರೆ ನಾಲ್ಕು ಮಾತಿನಲ್ಲಿ ಬುದ್ಧಿ ಹೇಳಿ ಬರುತ್ತಿದ್ದಳು. ಈ ಸಲ ಅವರ ಮೆಟ್ಟಿಲ ಮೇಲೆ ಕೂತು, "ನಾನು ಮಾಡ್ಕೊಂಡ ಎಡವಟ್ಟು ಹೇಳ್ತೀನಿ, ಕೇಳಿ," ಎಂದು ಶುರುಮಾಡಿ, ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳಂತೆ. ಸಂಜೆ ನಾನು ಆ ದಾರಿಯಲ್ಲಿ ಹೋದಾಗ ಗುಂಡಿ ಮುಚ್ಚಿತ್ತು. ನಿಂಬೆಗಿಡವನ್ನು ಹಿತ್ತಿಲ ಬೇಲಿಯ ಹತ್ತಿರ ನೆಟ್ಟು, ಇಬ್ಬರೂ ಅದಕ್ಕೆ ನೀರು ಹಾಕುತ್ತಿದ್ದರು.