ಕೆಸರಿಗೊಂದು ಕೋಣೆ

“ನಿನ್ ಮಗಳು ಹೆತ್ತಳು ಅಂತ ನನ್ ಫ್ಯಾಕ್ಟ್ರಿಗೆ ಬೀಗ ಹಾಕಿಸ್ಲೇನೇ, ಮುಂಡೆ? ಮಧ್ಯಾಹ್ನದೊಳಗೆ ರೂಮು ಖಾಲಿ ಆಗ್ಬೇಕು!”

ಧಣಿ ಹೀಗೆ ಕೂಗಾಡುವಾಗ ನಾನು ಮೊಣಕೈವರೆಗೆ ಹಸಿರು ಕೆಸರಿನಲ್ಲಿದ್ದೆ. ನಲ್ಲಿ, ಹಿಡಿಕೆಗಳಿಗೆ ಹೊಳಪಿನ ಲೇಪ ಹಾಕಿದ ಮೇಲೆ ಉಳಿಯುವ ವಿಷ ಅದು. ಅದನ್ನು ಗೋರಿ ಚೀಲಕ್ಕೆ ತುಂಬುವುದು ನನ್ನ ಕೆಲಸ. ಗಂಡ ಲೇಪ ಹಾಕುವ ಆಸಿಡ್ ತೊಟ್ಟಿಯ ಬಳಿ ನಿಂತಿದ್ದ. ತೊಟ್ಟಿಯ ಹೊಗೆ ಅವನ ಮೂಗಿನೊಳಗೆ ತೂತು ಕೊರೆದಿದೆ, ಆದರೂ ಮನುಷ್ಯ ಇನ್ನೂ ಬದುಕಿದ್ದಾನೆ. ಅವನೆದುರಿಗೇ ಧಣಿ ನನ್ನನ್ನು ಮುಂಡೆ ಅಂದ.

ಕೆಸರಿನ ಚೀಲಗಳನ್ನು ಸೋರದ ಸೂರಿನಡಿ, ಬಿರುಕಿಲ್ಲದ ನೆಲದ ಮೇಲೆ, ಬೀಗ ಹಾಕಿ ಇಡಬೇಕು. ಆಮೇಲೆ ಅದರಿಂದ ಲೋಹ ತೆಗೆಯುವವರಿಗೆ ಕಳಿಸಬೇಕು ಅಂತ ಕಾನೂನು. ವರ್ಷವಿಡೀ ಅವು ಹಿಂದಿನ ಗೋಡೆಯ ಬುಡದಲ್ಲಿ ನೆನೆಯುತ್ತವೆ. ತಪಾಸಣೆಗೆ ಅಧಿಕಾರಿ ಬರುವ ದಿನ ಮಾತ್ರ ಕಾನೂನಿಗೆ ಜೀವ ಬರುತ್ತದೆ. ಆ ದಿನ ಕಾಂಪೌಂಡಿನ ಮೂಲೆಯ ನಮ್ಮ ಕೋಣೆಯೇ ಕೆಸರಿನ ಗೋದಾಮು. ಚಾಪೆ, ಪಾತ್ರೆ ಹೊರಗೆ, ಚೀಲ ಒಳಗೆ. ಅಧಿಕಾರಿ ಹೋದಮೇಲೆ ನೆಲ ತಿಕ್ಕಿ ಅಲ್ಲೇ ಒಲೆ ಹಚ್ಚುತ್ತಿದ್ದೆ. ತಲೆ ಮೇಲೆ ಸೂರಿದೆಯಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಈ ಸಲ ಒಳಗೆ ಹಸಿ ಬಾಣಂತಿ. ಕೂಸಿನ ಹೊಕ್ಕುಳಬಳ್ಳಿ ಇನ್ನೂ ಉದುರಿರಲಿಲ್ಲ. ಹೊರಗೆ ಜಡಿಮಳೆ.

“ಕೂಸು ಎಲ್ಲಿಗೆ ಹೋಗ್ಬೇಕು ಧಣಿ?”

“ಚೀಲ ಇದ್ದ ಜಾಗದಲ್ಲಿ ಟಾರ್ಪಾಲು ಕಟ್ಕೋ. ನಿಮ್ಮಂಥೋರ ಮಕ್ಕಳು ಅಷ್ಟು ಬೇಗ ಸಾಯಲ್ಲ.”

ಅಧಿಕಾರಿಯನ್ನು ಕರೆತರಲು ಅವನು ಕಾರು ಹತ್ತಿ ಹೋದ. ಗಂಡ ತಲೆ ತಗ್ಗಿಸಿ ಕೋಣೆಯತ್ತ ಹೊರಟ. ನಾನು ಓಡಿಹೋಗಿ ಅವನ ತೋಳು ಹಿಡಿದೆ.

“ಮಗಳ ಹಾಸಿಗೆ ಮುಟ್ಟಿದ್ರೆ ನನ್ನಾಣೆ. ಚೀಲ ಎತ್ತಯ್ಯ.”

“ಎಲ್ಲಿಗೆ?”

“ಸೋರದ ಸೂರು ಇನ್ನೊಂದು ಇದೆಯಲ್ಲ.”

ದಿನಾ ಬೆಳಗ್ಗೆ ಧಣಿಯ ಆಫೀಸು ಗುಡಿಸುವವಳು ನಾನೇ. ಕೀಲಿ ನನ್ನ ಸೊಂಟದಲ್ಲಿತ್ತು. ಗಂಡ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಮೊದಲ ಚೀಲ ಹೆಗಲಿಗೇರಿಸಿದ. ಅವನ ಹಿಂದೆ ತೊಟ್ಟಿಯವರು, ಪಾಲಿಶ್‌ನವರು, ಎಲ್ಲರೂ.

ಧಣಿ ಅಧಿಕಾರಿಗೆ ಕೊಡೆ ಹಿಡಿದು ನೆಟ್ಟಗೆ ನಮ್ಮ ಕೋಣೆಗೇ ಕರೆತಂದು ಬಾಗಿಲು ತಳ್ಳಿದ. ಮಗಳು ಗಾಬರಿಯಿಂದ ಸೆರಗೆಳೆದುಕೊಂಡಳು. ಕೂಸು ಹಾಲು ಕುಡಿಯುತ್ತಿತ್ತು.

“ಏನ್ರೀ ಇದು? ಕೆಸರೆಲ್ಲಿ?” ಅಂದ ಅಧಿಕಾರಿ.

“ಈ ಕಡೆ ಬನ್ನಿ ಸಾರ್,” ಅಂತ ನಾನೇ ಮುಂದೆ ನಡೆದು ಆಫೀಸಿನ ಬಾಗಿಲು ತೆರೆದೆ. ಸೋಫಾದ ಮೇಲೆ, ಮೇಜಿನ ಮೇಲೆ ಚೀಲ. ತಿರುಗುವ ಕುರ್ಚಿಯಲ್ಲೂ ಒಂದು ಕೂತಿತ್ತು. ಅದರ ತಳದಿಂದ ಹಸಿರು ನೀರು ಟೈಲ್ಸ್ ಮೇಲೆ ಹರಿಯುತ್ತಿತ್ತು.

“ಸೂರು ಸೋರಲ್ಲ, ನೆಲ ಒಂಚೂರೂ ಬಿರುಕಿಲ್ಲ. ನೋಡ್ಕೊಳ್ಳಿ.”

“ತೆಗಿಯೇ ಇದನ್ನ, ಸೂಳೆ!” ಧಣಿ ಕೈ ಎತ್ತಿದ. ಗಂಡ ಅಡ್ಡ ಬಂದು ನಿಂತ.

ಅಧಿಕಾರಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. “ಮನುಷ್ಯರಿರೋ ಜಾಗದಲ್ಲಿ ಇದನ್ನ ಇಡಬಾರದಮ್ಮ. ಅಷ್ಟೂ ಗೊತ್ತಾಗಲ್ವಾ?”

“ಹೋದ ಸಲ ನಮ್ಮನೇಲಿ ಇಟ್ಟಾಗ ನೀವೇ ಬಂದು ನೋಡಿದ್ರಲ್ಲ ಸಾರ್. ಒಲೆ ಕಾಣಿಸ್ಲಿಲ್ವಾ?”

ಅಧಿಕಾರಿ ಹೊಸ್ತಿಲಿನಿಂದ ಹಿಂದೆ ಸರಿದ. ನಾನು ಬಾಗಿಲೆಳೆದು ಬೀಗ ಜಡಿದೆ. ಇನ್ನೊಂದು ಕೀಲಿ ಒಳಗೆ ಧಣಿಯ ಡ್ರಾಯರಿನಲ್ಲಿತ್ತು. ನನ್ನ ಕೈಯಲ್ಲಿದ್ದುದನ್ನು ಎಲ್ಲರೂ ನೋಡುತ್ತಿದ್ದಂತೆ ಆಸಿಡ್ ತೊಟ್ಟಿಗೆ ಎಸೆದೆ.